ಗೆರೆ ದಾಟಿದರೆ ಮುಚ್ಚಿಬಿಡಿ

ಮಾರ್ಚ್ ೩, ಸೋಮವಾರ

ಅಂಗಡಿಯ ಹಳೆಯ ಆರ್ಡರ್ ಪುಸ್ತಕದಲ್ಲಿ ಅರ್ಧ ಹಾಳೆಗಳು ಖಾಲಿ ಉಳಿದಿದ್ದವು. ಎಸೆಯಲು ಮನಸ್ಸಾಗದೆ ಇದರಲ್ಲಿ ಬರೆಯಲು ಕೂತಿದ್ದೇನೆ. ಬಾಯಿಬಿಟ್ಟು ಹೇಳಿಕೊಂಡರೆ ಕೇಳಿದವರು ಅಳುತ್ತಾರೆ, ಆಮೇಲೆ ಅವರನ್ನು ಸಮಾಧಾನ ಮಾಡುವ ಕೆಲಸವೂ ನನ್ನ ತಲೆಗೇ ಬರುತ್ತದೆ. ಪುಸ್ತಕಕ್ಕಾದರೆ ಆ ಕಾಟವಿಲ್ಲ.

ಇವತ್ತು ದೊಡ್ಡ ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು. ಪಿತ್ತಕೋಶದಲ್ಲಿ ಕಲ್ಲಿರಬಹುದೆಂದು ಮಾಡಿಸಿದ ಸ್ಕ್ಯಾನಿನಲ್ಲಿ ಸಿಕ್ಕಿದ್ದು ಕಲ್ಲಲ್ಲ. ಲಿವರಿನ ಒಳಗೆ ಪಿತ್ತ ಹರಿಯುವ ಸಣ್ಣ ಸಣ್ಣ ನಾಳಗಳಿರುತ್ತವಂತೆ. ಅಂಥ ಒಂದು ನಾಳದಲ್ಲಿ ಹುಟ್ಟಿದ ಕ್ಯಾನ್ಸರ್ ಈಗ ನಿಂಬೆಹಣ್ಣಿನಷ್ಟು ದೊಡ್ಡ ಗಂಟಾಗಿ ಬಲಗಡೆ ಕೂತಿದೆ. ನೋವಿಲ್ಲ, ಜ್ವರವಿಲ್ಲ, ಕಣ್ಣು ಹಳದಿಯಾಗಿಲ್ಲ. ಐವತ್ತೆಂಟು ವರ್ಷ ಒಟ್ಟಿಗಿದ್ದ ಲಿವರು ಒಂದು ಸುಳಿವೂ ಕೊಡದೆ ಬೆನ್ನಿಗೆ ಚೂರಿ ಹಾಕಿತು.

"ಮಾತ್ರೆಯಲ್ಲಿ ಕರಗಲ್ವಾ ಡಾಕ್ಟ್ರೇ?" ಎಂದೆ.

"ಮಾತ್ರೆ ಆಮೇಲೆ ಅಮ್ಮ. ವಾಸಿಯಾಗೋ ದಾರಿ ಅಂತ ಇದ್ರೆ ಅದು ಕತ್ತರಿಸಿ ತೆಗೆಯೋದೊಂದೇ."

ಕಾಗದದ ಹಿಂಬದಿಯಲ್ಲಿ ಲಿವರಿನ ಚಿತ್ರ ಬರೆದು ಮಧ್ಯೆ ಒಂದು ಗೆರೆ ಎಳೆದರು. ಗೆರೆಯ ಬಲಕ್ಕಿರುವುದನ್ನೆಲ್ಲ ತೆಗೆಯುತ್ತಾರಂತೆ. ಎಡಕ್ಕೆ ಉಳಿಯುವ ಚೂರು ಒಬ್ಬ ಹೆಂಗಸನ್ನು ಬದುಕಿಸಲು ಸಾಲದಷ್ಟು ಚಿಕ್ಕದು, ಅದನ್ನು ಮೊದಲು ಬೆಳೆಸಬೇಕು. ಅದಕ್ಕಾಗಿ ಬಲಭಾಗಕ್ಕೆ ಹೋಗುವ ರಕ್ತದ ದಾರಿಯನ್ನು ಮುಚ್ಚುತ್ತಾರೆ. ಆಗ ರಕ್ತವೆಲ್ಲ ಎಡಕ್ಕೆ ಹರಿದು, ನಾಲ್ಕು ವಾರದಲ್ಲಿ ಅದು ಉಬ್ಬಿ ದೊಡ್ಡದಾಗುತ್ತದೆ. ಹಿರಿಯವಳ ತಟ್ಟೆ ಕಿತ್ತು ಕಿರಿಯವಳಿಗೆ ಉಣಿಸಿದ ಹಾಗೆ ಎಂದೆ. ಡಾಕ್ಟರು ನಕ್ಕರು. ಗೆರೆ ಎಳೆಯುವಾಗ ಅವರ ಕೈ ನಡುಗಲಿಲ್ಲ, ಅದನ್ನು ಮಾತ್ರ ಗಮನವಿಟ್ಟು ನೋಡಿದೆ.

ಇವರು, ನನ್ನ ಯಜಮಾನರು, ಪಕ್ಕದಲ್ಲಿ ಕೂತು ಎಲ್ಲದಕ್ಕೂ ತಲೆಯಾಡಿಸಿದರು. ಹೊರಗೆ ಬಂದ ಮೇಲೆ, "ಈಗ ಏನ್ ಮಾಡೋಣ ಹೇಳೇ?" ಎಂದು ನನ್ನನ್ನೇ ಕೇಳಿದರು.

ಮಾರ್ಚ್ ೭, ಶುಕ್ರವಾರ

ರಕ್ತದ ದಾರಿ ಮುಚ್ಚಿದ್ದಾಯಿತು. ಪಕ್ಕೆಯಲ್ಲಿ ಸೂಜಿ ತೂರಿಸಿ, ಟಿವಿಯಂಥದ್ದರಲ್ಲಿ ನೋಡಿಕೊಂಡು ಮಾಡಿದರು. ಅಷ್ಟು ಉದ್ದದ ಸೂಜಿಯನ್ನು ಅಂಗಡಿಯಲ್ಲೂ ಕಂಡಿಲ್ಲ. ಸ್ವಲ್ಪ ಜ್ವರವಿದೆ. ಈಗ ಒಳಗೆ ಬೆಳೆಯುತ್ತಿರಬೇಕು, ಬೆಳೆಯಲಿ.

ಮಾರ್ಚ್ ೧೯, ಬುಧವಾರ

ಇವತ್ತು ಅಂಗಡಿಯಲ್ಲಿ ತಂಗಿಗೆ ಹೇಳಬೇಕಾದ್ದನ್ನು ಹೇಳಿ ಮುಗಿಸಿದೆ.

ನಮ್ಮದು ರಫು ಅಂಗಡಿ. ಹರಿದ ಕೋಟು, ಸುಟ್ಟ ತೂತು, ಹುಳ ತಿಂದ ಶಾಲು, ಎಲ್ಲವನ್ನೂ ಎಳೆಗೆ ಎಳೆ ಸೇರಿಸಿ ಗುರುತು ಸಿಗದಂತೆ ಮಾಡುತ್ತೇವೆ. ಎರಡು ಮೇಜು, ಭೂತಗನ್ನಡಿಯ ಎರಡು ದೀಪ, ಅಕ್ಕ ತಂಗಿ ಇಬ್ಬರು. ಪ್ರತಿ ಬಟ್ಟೆಗೂ ಒಂದು ಚೀಟಿ ಪಿನ್ ಮಾಡಿರುತ್ತೇವೆ. ಗಿರಾಕಿ ಬರೆಸಿದಷ್ಟೇ ಕೆಲಸ, ಒಂದು ಹೊಲಿಗೆ ಹೆಚ್ಚಿಲ್ಲ. ಮೊದಲ ವರ್ಷ ತಂಗಿ ಗುಂಡಿ ಹಾಕಲು ಬಂದ ಒಂದು ಕೋಟಿನ ಸವೆದ ತೋಳಂಚನ್ನೂ ಪಾಪವೆಂದು ಸರಿಮಾಡಿ ಇಟ್ಟಿದ್ದಳು. ಆ ಕೋಟು ಗಿರಾಕಿಯ ತೀರಿಹೋದ ಅಪ್ಪನದು. ಅಪ್ಪನ ಕೈ ಮೇಜಿಗೆ ಉಜ್ಜಿ ಉಜ್ಜಿ ಸವೆದ ಅಂಚು ಅದು. ಆ ಮನುಷ್ಯ ಅಂಗಡಿಯಲ್ಲೇ ನಿಂತು ಅತ್ತುಬಿಟ್ಟ. ಅವತ್ತು ತಂಗಿಗೆ ನಾನು ಮಾಡಿದ ಮಂಗಳಾರತಿ ಬೀದಿಗೆಲ್ಲ ಕೇಳಿಸಿತ್ತು. ಆಮೇಲೆ ಮೂವತ್ತು ವರ್ಷ ಅವಳು ಚೀಟಿ ಮೀರಿಲ್ಲ.

ಗಿರಾಕಿಗಳಿಲ್ಲದ ಹೊತ್ತು ನೋಡಿ ಹೇಳಿದೆ. "ಡಾಕ್ಟ್ರು ಎಳೆದ ಗೆರೆ ಒಳಗೇ ಕೆಲಸ ಮುಗಿದ್ರೆ ಸರಿ. ಹೊಟ್ಟೆ ತೆಗೆದು ನೋಡಿದಾಗ ಅದು ಗೆರೆ ದಾಟಿದ್ರೆ, ಇನ್ನಷ್ಟು ಕತ್ತರಿಸೋದು, ಮತ್ತಷ್ಟು ಕತ್ತರಿಸೋದು ಬೇಡ. ಮುಚ್ಚಿಬಿಡಿ ಅನ್ನು."

ಅತ್ತೆ ಐದು ತಿಂಗಳು ಕೊಳವೆಗಳ ಮಧ್ಯೆ ಮಲಗಿದ್ದನ್ನು ನಾನು ನೋಡಿದ್ದೇನೆ, ಮೈ ಒರೆಸಿದವಳೂ ನಾನೇ. ಕೊನೆಗೆ ಅವರು ನನ್ನ ಹೆಸರನ್ನೂ ಮರೆತಿದ್ದರು. ಅದು ನನಗೆ ಬೇಡ. ನನಗೆ ಸಾಯುವ ಭಯವಿಲ್ಲ, ಮಾಡುವ ಕೆಲಸವನ್ನೆಲ್ಲ ಮಾಡಿದ್ದಾಗಿದೆ.

"ಭಾವನಿಗೆ ಹೇಳೋದಲ್ವಾ?" ಎಂದಳು.

"ನಿಮ್ಮ ಭಾವನಿಗೆ ಬೆಳಗ್ಗೆ ಯಾವ ಅಂಗಿ ಹಾಕ್ಕೋಬೇಕು ಅಂತಲೂ ನಾನೇ ಹೇಳ್ಬೇಕು. ಡಾಕ್ಟ್ರು ಏನು ಕೇಳಿದ್ರೂ ಹೂಂ ಅಂತಾರೆ. ಗಟ್ಟಿ ಇರೋಳು ನೀನು, ನೀನೇ ಹೇಳ್ಬೇಕು. ಮಾತು ಕೊಡು."

ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಲಿಲ್ಲ. ಮೂರು ಸಲ ಪ್ರಯತ್ನಿಸಿದರೂ ದಾರ ಸೂಜಿಕಣ್ಣಿಗೆ ಸೇರಲಿಲ್ಲ. "ಬರೆದುಕೊಡು ಅಕ್ಕಾ" ಎಂದಳು. ಅಂಗಡಿಯ ಚೀಟಿಯಲ್ಲೇ ಬರೆದೆ: ಗೆರೆ ದಾಟಿದರೆ ಮುಚ್ಚಿಬಿಡಿ. ಬೇರೇನೂ ಮಾಡುವುದು ಬೇಡ. ಅವಳು ಅದನ್ನು ಮಡಚಿ ಪರ್ಸಿನೊಳಗೆ ಹಾಕಿಕೊಂಡಳು. ಅಳಲಿಲ್ಲ, ವಾದಿಸಲಿಲ್ಲ. ಈ ಮನೆತನದಲ್ಲಿ ನಂಬಬಹುದಾದ ಜೀವ ಅದೊಂದೇ.

ಏಪ್ರಿಲ್ ೭, ಸೋಮವಾರ

ಬೆಳೆದಿದೆಯಂತೆ! ಅಂದುಕೊಂಡಿದ್ದಕ್ಕಿಂತ ಚೆನ್ನಾಗಿಯೇ ಬೆಳೆದಿದೆ. ಡಾಕ್ಟರು ಮಗು ಪರೀಕ್ಷೆ ಪಾಸಾದ ಹಾಗೆ ಖುಷಿಪಟ್ಟರು. ಗುರುವಾರ ಆಪರೇಷನ್.

ಏಪ್ರಿಲ್ ೯, ಬುಧವಾರ

ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ. ಪರದೆಯ ಅಂಚಿನ ಹೊಲಿಗೆ ಬಿಚ್ಚಿಕೊಂಡಿದೆ, ನೋಡಿ ನೋಡಿ ಕೈ ತುರಿಸುತ್ತಿದೆ.

ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಿದೆ, ಹತ್ತಿರದ ಸಂಬಂಧಿ ಎಂಬಲ್ಲಿ ಇವರು ಹಾಕಿದರು. ಡಾಕ್ಟರು ಹೇಳಿದರು: "ಸ್ಕ್ಯಾನ್‌ನಲ್ಲಿ ಕಾಣದ್ದು ಒಳಗೆ ಕಂಡ್ರೆ ನಾನು ಹೊರಗೆ ಬಂದು ನಿಮ್ಮವರ ಹತ್ರ ಮಾತಾಡ್ತೀನಿ."

"ನನ್ನ ತಂಗಿ ಹತ್ರ ಮಾತಾಡಿ, ಅವಳಿಗೆ ಎಲ್ಲಾ ಗೊತ್ತು" ಎಂದೆ.

"ಇಬ್ಬರ ಹತ್ರಾನೂ ಮಾತಾಡ್ತೀನಿ ಅಮ್ಮ" ಎಂದರು.

ಇವರು ಗೋಡೆ ನೋಡುತ್ತಾ ಕೂತಿದ್ದರು. ತಂಗಿ ನನ್ನ ಕಾಲಿಗೆ ಉದ್ದನೆಯ ಕಾಲುಚೀಲ ಹಾಕುತ್ತಿದ್ದಳು. ಎಲ್ಲ ಸರಿಯಾಗಿ ಕೂಡಿಬಂದಿದೆ. ನಾಳೆಯ ಮಟ್ಟಿಗೆ ನನಗೆ ಚಿಂತೆಯಿಲ್ಲ.

ಏಪ್ರಿಲ್ ೧೫, ಮಂಗಳವಾರ

ಬದುಕಿದ್ದೇನೆ. ಪೆನ್ನು ಹಿಡಿದರೆ ಕೈ ನಡುಗುತ್ತದೆ.

ಏಪ್ರಿಲ್ ೧೭, ಗುರುವಾರ

ಕಣ್ಣು ಹಳದಿಯಾಗಿದೆ. ಪಾದಗಳು ಊದಿ ಇನ್ಯಾರದ್ದೋ ಪಾದಗಳಂತಿವೆ. ಪಕ್ಕೆಯಿಂದ ಒಂದು ಕೊಳವೆ ಇಳಿದು ಚೀಲಕ್ಕೆ ಸೇರುತ್ತದೆ, ಅದರಲ್ಲಿ ಹಸಿರುಹಳದಿ ನೀರು. ಕತ್ತರಿಸಿದ ಜಾಗದಿಂದ ಪಿತ್ತ ಸೋರುತ್ತಿದೆಯಂತೆ.

ಬೆಳಗ್ಗೆ ಚೀಲ ಅಳೆಯಲು ಬಂದ ಚಿಕ್ಕ ಡಾಕ್ಟರಮ್ಮನನ್ನು, ನನಗೇಕೆ ಇಷ್ಟು ಸುಸ್ತು ಎಂದು ಕೇಳಿದೆ. ಅವಳು ಸಹಜವಾಗಿ ಹೇಳಿದಳು: "ಪ್ಲಾನ್ ಮಾಡಿದ್ದಕ್ಕಿಂತ ಜಾಸ್ತಿ ತೆಗೀಬೇಕಾಯ್ತಲ್ಲ ಆಂಟಿ. ಗಂಟು ಮಧ್ಯದ ರಕ್ತನಾಳಕ್ಕೆ ಅಂಟಿಕೊಂಡಿತ್ತು. ಉಳಿದಿರೋ ಚೂರು ಪಾಪ ಒದ್ದಾಡ್ತಾ ಇದೆ. ಸುಧಾರಿಸ್ಕೊಳ್ಳತ್ತೆ."

ಗೆರೆ ದಾಟಿತ್ತು.

ಇವರು ಬಂದಾಗ ಕೇಳಿದೆ. "ಡಾಕ್ಟ್ರು ಹೊರಗೆ ಬಂದು ಕೇಳಿದ್ರೇನ್ರೀ?"

"ಹೂಂ."

"ನನ್ನ ತಂಗಿ ಏನಂದಳು?"

ಇವರು ನೆಲ ನೋಡಿದರು. ನೀರು ತರುತ್ತೇನೆಂದು ಹೂಜಿ ಎತ್ತಿಕೊಂಡು ಹೊರಟರು. ಹೂಜಿ ತುಂಬಿಯೇ ಇತ್ತು. ನನಗೆ ಅರ್ಥವಾಯಿತು.

ಏಪ್ರಿಲ್ ೨೦, ಭಾನುವಾರ

ಕೈಕೊಟ್ಟಳು. ಎತ್ತಿ ಆಡಿಸಿದವಳು ನಾನು, ಕೈಹಿಡಿದು ಕೆಲಸ ಕಲಿಸಿದವಳು ನಾನು. ನಾನು ಕೇಳಿದ್ದು ಒಂದೇ ಒಂದು. ಯಾರದೋ ಕೋಟಿನ ಚೀಟಿಗೆ ಕೊಡುವ ಬೆಲೆಯನ್ನು ಅಕ್ಕನ ಚೀಟಿಗೆ ಕೊಡಲಿಲ್ಲ. ನನಗೆ ಪ್ರಜ್ಞೆ ಇಲ್ಲದ ಹೊತ್ತು ನೋಡಿ ಮಾತು ಮುರಿದಳು. ಎದುರಿಗೆ ನಿಂತು "ಆಗಲ್ಲ ಅಕ್ಕಾ" ಅಂದಿದ್ದರೆ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತಿದ್ದೆ.

ಇನ್ನೊಬ್ಬರು ಮಗ್ಗುಲು ಬದಲಿಸಿಕೊಡಬೇಕು. ಕನ್ನಡಕದ ನರ್ಸು ಸೊಂಟಕ್ಕೆ ಕೈಹಾಕಿ ಎತ್ತಿದಾಗಲೆಲ್ಲ ಅತ್ತೆಯ ನೆನಪಾಗುತ್ತದೆ. ಅನ್ನ ಎದುರಿಗೆ ಬಂದರೆ ವಾಕರಿಕೆ. ನಿದ್ದೆಯಿಂದ ಎದ್ದಾಗ ಇವತ್ತು ಯಾವ ವಾರವೆಂದು ನರ್ಸು ಕೇಳುತ್ತಾಳೆ, ಉಳಿದ ಲಿವರು ಕೈಚೆಲ್ಲಿದರೆ ತಲೆ ಮಂಕಾಗುತ್ತದಂತೆ. ಇದನ್ನೇ, ಇದನ್ನೇ ಬೇಡವೆಂದು ಬರೆದುಕೊಟ್ಟಿದ್ದೆ. ಅವಳಿಗೆ ಅಕ್ಕ ಬೇಕಿತ್ತು, ಅದಕ್ಕೆ ಉಳಿಸಿಕೊಂಡಳು. ಅಕ್ಕನಿಗೆ ಏನು ಬೇಕಿತ್ತೆಂಬುದು ಅವಳಿಗೆ ಬೇಕಾಗಿರಲಿಲ್ಲ.

ನರ್ಸು ಕೇಳಿದಾಗ ಭಾನುವಾರ ಎಂದು ಸರಿಯಾಗಿ ಹೇಳಿದೆ.

ಏಪ್ರಿಲ್ ೨೬, ಶನಿವಾರ

ತಂಗಿ ಬಂದಿದ್ದಳು. ಪ್ರತಿ ಸಂಜೆಯೂ ಬರುತ್ತಾಳೆ. ಇಷ್ಟು ದಿನ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಇವತ್ತು ತೆರೆದೆ.

"ಮಾತು ಕೊಟ್ಟಿದ್ಯಲ್ಲೇ, ನಾಚಿಕೆ ಆಗಲ್ವಾ?" ಎಂದು ಶುರುಮಾಡಿದವಳು ನಿಲ್ಲಿಸಲಿಲ್ಲ. ನಂಬಿಕೆದ್ರೋಹಿ ಎಂದೆ. ನಿನ್ನ ಕೈಯಲ್ಲಿ ಒಂದು ಗುಂಡಿಯನ್ನೂ ನಂಬಿ ಕೊಡಬಾರದು ಎಂದೆ. ಪಕ್ಕದ ಮಂಚದವರು ಟಿವಿಯ ಸದ್ದು ಕಡಿಮೆ ಮಾಡಿ ಕೇಳಿಸಿಕೊಂಡರು. ಇವರು ಬಾಗಿಲ ಬಳಿ ನಿಂತು ಏನೋ ಹೇಳಲು ಬಾಯಿ ತೆರೆದರು. ತಂಗಿ ಅವರ ಕಡೆ ತಿರುಗಿ, "ಭಾವ, ನೀವು ಸುಮ್ನಿರಿ. ಅಕ್ಕ ಬೈಯ್ಲಿ" ಎಂದಳು.

ಎಷ್ಟು ಗತ್ತು ನೋಡು! ನನ್ನ ಗಂಡನ ಬಾಯಿಗೂ ಬೀಗ ಹಾಕಿದ್ದಾಳೆ. ಬೈಸಿಕೊಂಡು ಎದ್ದು, ನನ್ನ ಪಾದಗಳಿಗೆ ಎಣ್ಣೆ ಹಚ್ಚಿ, ಚೀಲ ಖಾಲಿ ಮಾಡಿ ಹೋದಳು. ಮುಖದಲ್ಲಿ ಒಂಚೂರು ಬೇಜಾರೂ ಇರಲಿಲ್ಲ.

ರಾತ್ರಿಯ ಸೂಪು ಪೂರ್ತಿ ಕುಡಿದೆ. ಬೈದರೆ ಹಸಿವಾಗುತ್ತದೆಂದು ತೋರುತ್ತದೆ.

ಮೇ ೫, ಸೋಮವಾರ

ಮನೆಗೆ ಬಂದೆ, ಚೀಲದ ಸಮೇತ. ಒಳಂಗಿಯ ಬದಿಗೆ ಒಂದು ಜೇಬು ಹೊಲಿದು ಚೀಲವನ್ನು ಅದರಲ್ಲಿ ಇಟ್ಟುಕೊಂಡಿದ್ದೇನೆ. ಆಸ್ಪತ್ರೆಯವರು ಕೊಟ್ಟ ಪಟ್ಟಿ ಮೈಗೆ ಕೊರೆಯುತ್ತಿತ್ತು. ಹೊರಡುವ ಮೊದಲೇ ಕನ್ನಡಕದ ನರ್ಸು ನೋಡಿ, ಇನ್ನೂ ಇಬ್ಬರಿಗೆ ಹೊಲಿದುಕೊಡಿ ಎಂದಳು. ಆರು ಹೊಲಿದಿಟ್ಟಿದ್ದೇನೆ.

ಲ್ಯಾಬಿನ ರಿಪೋರ್ಟು ಬಂತು. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ. ಗಂಟಿಗೂ ಅಂಚಿಗೂ ಮಧ್ಯೆ ಮೂರು ಮಿಲಿಮೀಟರ್. ನಮ್ಮ ಕೆಲಸದಲ್ಲಿ ಅದು ಬೇಕಾದಷ್ಟಾಯಿತು. ಮೊದಲು ಎಳೆದ ಗೆರೆಯಲ್ಲೇ ಕತ್ತರಿಸಿದ್ದರೆ ಗಂಟಿನ ಒಂದು ಚೂರು ಒಳಗೇ ಉಳಿಯುತ್ತಿತ್ತಂತೆ. ಅದು ಬೇರೆ ವಿಷಯ. ಕೊಟ್ಟ ಮಾತು ಕೊಟ್ಟ ಮಾತೇ.

ತಂಗಿಗೆ ಫೋನಿನಲ್ಲಿ ಬೈದೆ, ಅರ್ಧ ಗಂಟೆ.

ಮೇ ೧೨, ಸೋಮವಾರ

ಚೀಲ ಹೋಯಿತು! ಸೋರುವುದು ತಾನಾಗಿ ನಿಂತಿದೆ. ತೂತಿದ್ದ ಜಾಗದಲ್ಲಿ ಒಂದು ಚಿಕ್ಕ ಹತ್ತಿಯುಂಡೆ ಮಾತ್ರ ಇದೆ.

ಬೇಯಿಸಿದ ಆಲೂಗಡ್ಡೆಗೆ ಉಪ್ಪು ಕಮ್ಮಿ ಎಂದು ಇವರ ಮೇಲೆ ರೇಗಿದೆ. ಎರಡನೇ ಸಲ ಹಾಕಿಸಿಕೊಂಡು ತಿಂದೆ. ಕಣ್ಣಿಗೆ ಹೊಸ ಕನ್ನಡಕ ಬೇಕು, ಹಳೆಯದರಲ್ಲಿ ಕಪ್ಪು ಬಟ್ಟೆಯ ಎಳೆ ಕಾಣುವುದಿಲ್ಲ. ಕಣ್ಣು ಪರೀಕ್ಷೆಗೆ ಹೋಗಬೇಕು. ಚಳಿಗಾಲಕ್ಕೆ ಉಣ್ಣೆ ದಾರ ಈಗಲೇ ಹೇಳಿಡದಿದ್ದರೆ ಕಳೆದ ವರ್ಷದ ಹಾಗೆ ಬೂದುಬಣ್ಣ ಸಿಗುವುದಿಲ್ಲ. ಮುಂದಿನ ವರ್ಷ ಅಂಗಡಿಗೆ ಬಿಳಿ ಸುಣ್ಣ ಹೊಡೆಸಬೇಕು, ಬೆಳಕು ಸಾಲದು. ಎಲ್ಲವನ್ನೂ ಪಟ್ಟಿ ಮಾಡಿ ಇವರ ಕೈಯಲ್ಲಿ ತಂಗಿಗೆ ಕಳಿಸಿದೆ. ಕೊನೆಯಲ್ಲಿ, ಕೊಟ್ಟ ಮಾತಿನಂತೆ ನಡೆದುಕೊಳ್ಳಲು ಬಾರದವಳು ಇಷ್ಟಾದರೂ ನೆಟ್ಟಗೆ ಮಾಡಲಿ ಎಂದು ಬರೆದೆ.

ಮೇ ೧೯, ಸೋಮವಾರ

ದೊಡ್ಡ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಪಕ್ಕೆಲುಬಿನ ಕೆಳಗೆ ಗಾಯ ಚೆನ್ನಾಗಿ ಕೂಡಿದೆ. ಕ್ಯಾನ್ಸರ್ ಮರುಕಳಿಸದಿರಲು ಆರು ತಿಂಗಳು ಮಾತ್ರೆ. ಇವರು ಔಷಧದ ಕೌಂಟರಿನಲ್ಲಿ ಸಾಲು ನಿಂತಿದ್ದರು, ನಾನೊಬ್ಬಳೇ ಇದ್ದೆ.

"ನನ್ನ ತಂಗಿ ಮಾತು ಕೇಳಿ ನೀವು ಹೀಗೆ ಮಾಡಬಾರದಿತ್ತು ಡಾಕ್ಟ್ರೇ" ಎಂದೆ. ಎಂದೋ ಆಡಬೇಕಿದ್ದ ಮಾತು, ನಗುತ್ತಲೇ ಆಡಿದೆ.

ಅವರು ಬರೆಯುವುದನ್ನು ನಿಲ್ಲಿಸಿದರು. "ನಿಮ್ಮ ತಂಗಿ ಬೇಡ ಅಂದ್ರಲ್ಲಮ್ಮ. ಚೀಟಿ ತೆಗೆದು ತೋರಿಸಿದ್ರು. ಮುಚ್ಚಿಬಿಡಿ ಅಂದ್ರು. ಸಹಿ ಹಾಕಿದ್ದು ನಿಮ್ಮ ಯಜಮಾನ್ರು, ಅವರು ಬಿಡಲಿಲ್ಲ. ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ."

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಇವರು ಮಾತ್ರೆಯ ಪೊಟ್ಟಣ ಹಿಡಿದು ಬಂದು, "ಏನಾಯ್ತೇ?" ಎಂದರು.

ಮುಚ್ಚಿಬಿಡಿ ಅಂದಳಂತೆ. ಅಂದೇಬಿಟ್ಟಳಂತೆ.

ಮೇ ೨೦, ಮಂಗಳವಾರ

ಇವರ ಬಾಯಿ ಬಿಡಿಸಿದೆ. ಡಾಕ್ಟರು ಹಸಿರು ಟೋಪಿಯಲ್ಲೇ ಹೊರಗೆ ಬಂದು, ಹೆಚ್ಚು ತೆಗೆಯಬೇಕು, ಉಳಿಯುವ ಚೂರು ತೀರಾ ಸಣ್ಣದು, ಏನು ಬೇಕಾದರೂ ಆಗಬಹುದು ಎಂದರಂತೆ. ತಂಗಿ ಪರ್ಸು ತೆರೆದು ಚೀಟಿ ಕೊಟ್ಟಳಂತೆ.

"ನೀವೇನಂದ್ರಿ?"

"ನಂಗೆ ಗೊತ್ತಿಲ್ಲ ಕಣೇ. ಡಾಕ್ಟ್ರ ತೋಳು ಹಿಡ್ಕೊಂಡೆ ಅನ್ಸತ್ತೆ. ಮಾಡಿ, ಮಾಡಿ, ಅವಳಿಗೆ ನಾನು ಹೇಳ್ಕೋತೀನಿ ಅಂದೆ." ಆಮೇಲೆ ತಲೆ ತಗ್ಗಿಸಿ ಹೇಳಿದರು, "ಹೇಳ್ಕೊಳ್ಳೋಕೆ ಧೈರ್ಯ ಬರ್ಲಿಲ್ಲ."

ಅಂಗಿ ಆರಿಸಲು ಬಾರದ ಮನುಷ್ಯ. ಇವರ ಮೇಲೆ ಸಿಟ್ಟು ಬರಬೇಕಿತ್ತು. ಮಾತು ಮುರಿಸಿದವರು ಇವರು ತಾನೇ? ಇವರ ಮೇಲೆ ಒಂದು ಚೂರೂ ಬರುತ್ತಿಲ್ಲ. ಎರಡು ರೊಟ್ಟಿ ಹೆಚ್ಚಿಗೆ ಹಾಕಿ ಬಡಿಸಿದೆ.

ಸಿಟ್ಟೆಲ್ಲ ಅವಳ ಮೇಲೆಯೇ. ಮಾತು ಮುರಿದಳೆಂದು ಒಂದು ತಿಂಗಳು ಉರಿದೆ, ಈಗ ಮುರಿಯಲಿಲ್ಲವೆಂದು ಉರಿಯುತ್ತಿದ್ದೇನೆ. ಸಂತೆಯಲ್ಲಿ ಹೇಳಿದರೆ ಜನ ನಗುತ್ತಾರೆ. ನಾನು ಒಳಗೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದೆ. ಹೊರಗೆ ಒಬ್ಬಳು ಪರ್ಸು ತೆರೆದಳು, ಚೀಟಿ ಕೊಟ್ಟಳು. ಅಷ್ಟೇನಾ ನಾನು?

ಮೇ ೨೪, ಶನಿವಾರ

ಅಂಗಡಿಗೆ ಹೋದೆ. ಆಪರೇಷನ್ ಆದ ಮೇಲೆ ಮೊದಲ ಸಲ. ನಾಲ್ಕು ಮೆಟ್ಟಿಲು ಹತ್ತಲು ಎರಡು ಸಲ ನಿಂತೆ. ತಂಗಿ ಓಡಿಬಂದು ಕುರ್ಚಿ ಹಾಕಿದಳು. ನನ್ನ ಮೇಜನ್ನು ಒರೆಸಿಟ್ಟಿದ್ದಳು. ಬೂದುಬಣ್ಣದ ಉಣ್ಣೆ ದಾರ ಬಂದಿತ್ತು.

"ಮುಚ್ಚಿಬಿಡಿ ಅಂದ್ಯಂತೆ" ಎಂದೆ.

ಅವಳು ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ಯಾರು ಹೇಳಿದ್ರು?"

"ಯಾರಾದ್ರೂ ಹೇಳ್ಲಿ. ಅಂದ್ಯೋ ಇಲ್ವೋ?"

"ಅಂದೆ."

"ಎಷ್ಟು ಹೊತ್ತು ಯೋಚನೆ ಮಾಡಿ ಅಂದೆ?"

"ಯೋಚನೆ ಮಾಡ್ಲಿಲ್ಲ ಅಕ್ಕಾ. ಮಾಡಿದ್ರೆ ಬಾಯಿಂದ ಬರ್ತಿರ್ಲಿಲ್ಲ."

"ಅಕ್ಕ ಸತ್ರೆ ಸಾಯ್ಲಿ ಅಂತ."

"ನೀನು ಹೇಳಿದ್ದು."

"ಹೇಳಿದ್ದೆ ಕಣೇ! ಹೇಳಿದ್ದನ್ನೆಲ್ಲ ಮಾಡಿಬಿಡೋದಾ?"

ನನ್ನ ದನಿ ನನಗೇ ಕೇಳಿಸಿತು. ಅವಳು ನನ್ನನ್ನು ನೇರವಾಗಿ ನೋಡಿದಳು. ಹಿಂದೆ ಎಂದಾದರೂ ಅವಳು ಹಾಗೆ ನೋಡಿದ್ದು ನನಗೆ ನೆನಪಿಲ್ಲ.

"ಮೂವತ್ತು ವರ್ಷದಿಂದ ಅದನ್ನೇ ತಾನೇ ಮಾಡ್ತಾ ಇರೋದು? ಬೇಡ ಅಕ್ಕಾ, ಹಾಗೆ ಬರೀಬೇಡ ಅಕ್ಕಾ ಅಂದಿದ್ರೆ ನೀನು ಕೇಳ್ತಿದ್ಯಾ? ಒಂದು ಸಲ, ಯಾವುದಾದ್ರೂ ಒಂದು ವಿಷಯಕ್ಕೆ, ನನ್ನ ಮಾತು ಕೇಳಿದ್ಯಾ?"

ನಾನು ತಿರುಗಿ ಕೇಳಿದೆ. "ಮತ್ತೆ ಇಷ್ಟು ದಿನ ಯಾಕೆ ಬೈಸ್ಕೊಂಡೆ? ನಾನಲ್ಲ, ಭಾವ ಅನ್ನೋಕೆ ಬಾಯಿರ್ಲಿಲ್ವಾ ನಿಂಗೆ?"

ಒಬ್ಬ ಗಿರಾಕಿ ಬಾಗಿಲ ತನಕ ಬಂದು ನಮ್ಮಿಬ್ಬರ ಮುಖ ನೋಡಿ ಹಿಂದಕ್ಕೆ ಹೋದ.

"ಬೈಸ್ಕೊಳ್ಳೋದು ಹಿತವಾಗಿತ್ತು ಅಕ್ಕಾ" ಎಂದಳು. "ನೀನು ಬೈದಾಗೆಲ್ಲ, ನಿನ್ನ ಉಳಿಸಿದ್ದು ನಾನೇ ಅನ್ನಿಸ್ತಿತ್ತು."

ಆಮೇಲೆ ಅವಳು ಹೋಗಲಿಲ್ಲ, ಕೂರಲೂ ಇಲ್ಲ. ನಾನು ಬೈಯುತ್ತೇನೆಂದು ಕಾಯುತ್ತಾ ಅಲ್ಲೇ ನಿಂತಿದ್ದಳು. ನನ್ನಿಂದ ಒಂದು ಮಾತೂ ಬೈಯಲಾಗಲಿಲ್ಲ.